ಬಟ್ಟಲಲ್ಲೊಂದು ಕಲ್ಲು

ಇವತ್ತು ಬೆಳಿಗ್ಗೆ ತಾರಸಿ ಮೇಲಿನ ನೀರಿನ ಬಟ್ಟಲಲ್ಲಿ ಮೂರು ಜೇನ್ನೊಣ ತೇಲ್ತಿದ್ವು. ಎರಡು ಸತ್ತಿದ್ವು. ಇನ್ನೊಂದಕ್ಕೆ ಒಣಗಿದೆಲೆ ಚಾಚಿದ ಕೂಡಲೇ ಹತ್ತಿ ಕೂತು, ಹಿಂಗಾಲಲ್ಲಿ ರೆಕ್ಕೆ ಒರೆಸಿಕೊಳ್ಳೋಕೆ ಶುರುಮಾಡ್ತು.

ಬಟ್ಟಲು ಆಳ, ಅಂಚು ನುಣುಪು. ಕಾಲೂರೋಕೆ ಜಾಗ ಇಲ್ಲ, ಅಷ್ಟೇ.

ಹಕ್ಕಿಗೆ ನೀರಿಡೋರು ದಯವಿಟ್ಟು ಅದರೊಳಗೊಂದು ಒರಟು ಕಲ್ಲು ಇಡಿ. ನೀರಿನಿಂದ ಅರ್ಧ ಇಂಚಾದರೂ ಮೇಲೆ ಬರಬೇಕು. ಜೇನು ಆ ಒದ್ದೆ ಅಂಚಲ್ಲಿ ಕೂತು ಕುಡಿಯುತ್ತೆ. ಬಿದ್ದ ಅಳಿಲುಮರಿಯೂ ಹತ್ತಿ ಬರುತ್ತೆ.

ನೀರು ಒಂದೆರಡು ಇಂಚು ಸಾಕು, ಗುಬ್ಬಿ, ಪಿಕಳಾರದ ಸ್ನಾನಕ್ಕೂ ಅಷ್ಟೇ ಬೇಕಿರೋದು. ಮಣ್ಣಿನ ಅಗಲ ಬಟ್ಟಲೇ ಒಳ್ಳೇದು, ಸ್ಟೀಲು ಮಧ್ಯಾಹ್ನ ಸುಡುತ್ತೆ. ನೆರಳಲ್ಲಿಡಿ. ಆದರೆ ದಟ್ಟ ಪೊದೆಯಿಂದ ಆರೇಳು ಅಡಿ ದೂರ ಇರಲಿ, ಬೆಕ್ಕು ಹೊಂಚು ಹಾಕೋದು ಅಲ್ಲೇ.

ನೀರು ದಿನಾ ಪೂರ್ತಿ ಚೆಲ್ಲಿ. ಮೇಲಿಂದ ತುಂಬಿಸಿದ್ರೆ ಸಾಲಲ್ಲ. ಡೆಂಗಿ ಸೊಳ್ಳೆ ಮೊಟ್ಟೆ ಇಡೋದು ನೀರಿನ ಮಟ್ಟಕ್ಕಿಂತ ಚೂರು ಮೇಲೆ, ಬಟ್ಟಲಿನ ಒಳಗೋಡೆಗೆ. ತೆಂಗಿನ ನಾರಲ್ಲಿ ಉಜ್ಜಿದ್ರೇನೇ ಹೋಗೋದು. ಸೋಪು ಬೇಡ.

ಸಕ್ಕರೇನೂ ಬೇಡ, ಇರುವೆ ಮುತ್ತುತ್ತೆ. ಬರೀ ನೀರು, ಮತ್ತೆ ಆ ಕಲ್ಲು.