ನಂಬರ್ ಪ್ಲೇಟಿನ ಮೇಲೆ ದೇವರ ಹೆಸರು

ಅಮೆರಿಕದ ಮಿಸಿಸಿಪ್ಪಿ ರಾಜ್ಯವು 2019ರಲ್ಲಿ ಕೊಡತೊಡಗಿದ ನಂಬರ್ ಪ್ಲೇಟಿನ ಮುದ್ರೆಯಲ್ಲಿ ‘ದೇವರಲ್ಲಿ ನಮ್ಮ ನಂಬಿಕೆ’ ಎಂಬ ಮಾತಿತ್ತು. ಅದನ್ನು ನಾಸ್ತಿಕರು 2021ರಲ್ಲಿ ನ್ಯಾಯಾಲಯದಲ್ಲಿ ಪ್ರಶ್ನಿಸಿದ ಸಂಗತಿಯನ್ನು ಇಂದು ಓದುವಾಗ ನ್ಯೂ ಹ್ಯಾಂಪ್‌ಷೈರಿನ ಜಾರ್ಜ್ ಮೇನಾರ್ಡ್ ನೆನಪಾದರು. ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥದವರಾದ ಅವರು, ತಮ್ಮ ಕಾರಿನ ಪ್ಲೇಟಿನ ಮೇಲಿದ್ದ ‘ಸ್ವತಂತ್ರವಾಗಿ ಬಾಳು, ಇಲ್ಲವೇ ಮಡಿ’ ಎಂಬ ಘೋಷವಾಕ್ಯವು ತಮ್ಮ ಶ್ರದ್ಧೆಗೆ ಒಪ್ಪದೆಂದು ಅದರ ಮೇಲೆ ಟೇಪು ಅಂಟಿಸಿ, ದಂಡ ಕಟ್ಟಲು ಒಪ್ಪದೆ 15 ದಿನ ಜೈಲಿನಲ್ಲಿದ್ದರು.

ಸ್ವಂತ ವಾಹನದ ಮೇಲೆ ಸರ್ಕಾರದ ವಿಚಾರವನ್ನು ಹೊತ್ತು ತಿರುಗುವಂತೆ ಯಾರನ್ನೂ ಬಲವಂತಪಡಿಸುವಂತಿಲ್ಲ ಎಂದು 1977ರಲ್ಲಿ ಅವರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಹಾಗಾದರೆ ಅಮೆರಿಕದ ನೋಟಿನ ಮೇಲೂ ಅಚ್ಚಾಗಿರುವ ‘ದೇವರಲ್ಲಿ ನಮ್ಮ ನಂಬಿಕೆ’ ಎಂಬ ಮಾತಿನ ಗತಿಯೇನು ಎಂಬ ಪ್ರಶ್ನೆಗೆ ಆ ತೀರ್ಪಿನ ಅಡಿಟಿಪ್ಪಣಿಯೊಂದು ಉತ್ತರಿಸುತ್ತದೆ: ಹಣ ಕೈಯಿಂದ ಕೈಗೆ ಸಾಗುತ್ತದೆ, ಜೇಬಿನಲ್ಲಿರುತ್ತದೆ, ಯಾರಿಗೂ ತೋರಿಸಬೇಕಾಗಿಲ್ಲ; ಕಾರಾದರೋ ಅದನ್ನು ಓಡಿಸುವವರೊಂದಿಗೆ ಗುರುತಿಸಿಕೊಂಡಿರುತ್ತದೆ. ಈ ವಿವೇಚನೆ ನನಗೆ ಬಹಳ ಹಿಡಿಸಿತು.

ನಾನು ದೇವರನ್ನು ನಂಬುವವಳು. ಆಯುಧಪೂಜೆಯಂದು ಗಾಡಿಗೆ ಕುಂಕುಮವಿಟ್ಟು, ಚಕ್ರದಡಿ ನಿಂಬೆಹಣ್ಣಿಟ್ಟು ಕೈಮುಗಿಯುವುದು ನನ್ನ ಮನಸ್ಸಿನ ಭಕ್ತಿಯಿಂದಲೇ ಹೊರತು ಸಾರಿಗೆ ಇಲಾಖೆಯ ಅಪ್ಪಣೆಯಿಂದಲ್ಲ. ಮಿಸಿಸಿಪ್ಪಿಯಲ್ಲಿ ಆ ಮಾತು ಬೇಡವೆನ್ನುವವರು ಹೆಚ್ಚಿನ ಹಣ ತೆತ್ತು ಬೇರೆ ವಿನ್ಯಾಸದ ಪ್ಲೇಟು ಕೊಳ್ಳಬೇಕಾಗಿತ್ತೆಂಬುದು ನನಗೆ ಅನ್ಯಾಯವೆನಿಸುತ್ತದೆ. ಬರಿಯ ಸಂಖ್ಯೆಯಿರುವ ಪ್ಲೇಟನ್ನೂ ಅದೇ ಶುಲ್ಕಕ್ಕೆ ಕೊಡಬೇಕಿತ್ತು.