ಅಮ್ಮನ ಕೂಲಿ ಎಂಬ ಸಾಲು

ಮಗಳು ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಿಲ್ಲ ಎಂದು ಹೇಳುವುದಕ್ಕಾಗಿ ಆ ತಾಯಿ ಶಾಲೆಯ ಗೇಟಿನ ಬಳಿ ನನಗಾಗಿ ಕಾಯುತ್ತಿದ್ದರು. ಕೈಯಲ್ಲಿ ಹೂವಿನ ಬುಟ್ಟಿಯಿತ್ತು, ಅದರ ಮೇಲೆ ಒದ್ದೆ ಗೋಣಿತಟ್ಟು. ಕೆ.ಆರ್. ಮಾರುಕಟ್ಟೆಯಿಂದ ಆಗಷ್ಟೇ ಬಸ್ ಇಳಿದು, ಮನೆಗೂ ಹೋಗದೆ ನೇರವಾಗಿ ಬಂದಿದ್ದರು.

"ಮಿಸ್, ನೀವು ಮನೆ ಲೆಕ್ಕ ಬರ್ಕೊಂಡ್ ಬನ್ನಿ ಅಂದಿದ್ರಂತೆ. ಅವತ್ತಿಂದ ರಾತ್ರಿ ಇನ್ನೊಂದ್ ಸ್ವಲ್ಪ ಹಾಕ್ಲಾ ಅಂದ್ರೆ ಸಾಕಮ್ಮ ಅಂತಾಳೆ. ಹೊಟ್ಟೆ ನೋವಾ ಅಂದ್ರೆ ಇಲ್ಲ ಅಂತಾಳೆ. ನಿನ್ನೆ ಬಿಡದೆ ಕೇಳಿದ್ಕೆ, ಅಕ್ಕಿ ತಿಂಗಳು ಪೂರ್ತಿ ಬರ್ಬೇಕಲ್ವಾ ಅಂದ್ಳು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಉತ್ತರಿಸುವುದು ಸುಲಭವಾಗುತ್ತಿತ್ತು.

ಮಾಗಡಿ ರಸ್ತೆಯ ಒಳಭಾಗದ ಒಂದು ಬಡಾವಣೆಯ ಸರ್ಕಾರಿ ಶಾಲೆಯಲ್ಲಿ ನಾನು ನಾಲ್ಕನೆಯ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ತರಗತಿಯಲ್ಲಿ 28 ಮಕ್ಕಳು. ಗಾರೆ ಕೆಲಸಕ್ಕೆಂದು ಯಾದಗಿರಿ, ರಾಯಚೂರಿನ ಕಡೆಯಿಂದ ಬಂದವರ ಮಕ್ಕಳು, ಆಟೊ ಓಡಿಸುವವರ ಮಕ್ಕಳು, ಪೀಣ್ಯದ ಕಾರ್ಖಾನೆಗಳಿಗೂ ಗಾರ್ಮೆಂಟ್ಸ್‌ಗೂ ಹೋಗುವವರ ಮಕ್ಕಳು ಇಲ್ಲಿ ಒಟ್ಟಿಗೆ ಕೂರುತ್ತಾರೆ. ಹಣದ ಪಾಠ ಬಂದಾಗಲೆಲ್ಲ ರೂಪಾಯಿ, ಪೈಸೆಗಳನ್ನು ಕೂಡಿಸುವ, ಕಳೆಯುವ ಲೆಕ್ಕಗಳನ್ನು ಮಾಡಿಸಿ ಮುಗಿಸುವುದು ನನ್ನ ರೂಢಿಯಾಗಿತ್ತು. 25 ಪೈಸೆಯ ನಾಣ್ಯ 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ, ಈ ಮಕ್ಕಳು ಹುಟ್ಟಿದ್ದೇ ಅದಾದ ಮೇಲೆ. ಅವರಿಗೆ ಹಣವೆಂದರೆ ಹೆಚ್ಚಿನ ಮಟ್ಟಿಗೆ ಅಂಗಡಿಯ ಪುಟ್ಟ ಪೆಟ್ಟಿಗೆಯಿಂದ ಹೊರಡುವ ದನಿ. ಅಪ್ಪ ಮೊಬೈಲ್ ಹಿಡಿಯುತ್ತಾರೆ, ಪೆಟ್ಟಿಗೆ ಇಷ್ಟು ರೂಪಾಯಿ ಬಂತು ಎಂದು ಕೂಗುತ್ತದೆ, ಸಾಮಾನು ಕೈಗೆ ಬರುತ್ತದೆ. ಮೊಬೈಲ್‌ನಲ್ಲಿ ಚಾರ್ಜ್ ಇರುವವರೆಗೂ ದುಡ್ಡು ಇರುತ್ತದೆ ಎಂದು ಒಬ್ಬ ಹುಡುಗ ಗಂಭೀರವಾಗಿಯೇ ಹೇಳಿದಾಗ, ಈ ಪಾಠವನ್ನು ಪುಸ್ತಕದಾಚೆಗೆ ಒಯ್ಯಬೇಕು ಎಂದು ನನಗೆ ಬಲವಾಗಿ ಅನ್ನಿಸಿತು. ಆ ಉತ್ಸಾಹದಲ್ಲಿ, ಮನೆಗೆ ತಿಂಗಳಿಗೆ ಎಷ್ಟು ಬರುತ್ತದೆ, ಯಾವುದಕ್ಕೆ ಎಷ್ಟು ಹೋಗುತ್ತದೆ ಎಂಬುದನ್ನು ಅಪ್ಪ ಅಮ್ಮನನ್ನು ಕೇಳಿ ಬರೆದುಕೊಂಡು ಬನ್ನಿ ಎಂದುಬಿಟ್ಟೆ.

19 ಮಕ್ಕಳು ಬರೆದು ತಂದರು. ಬಾಡಿಗೆ, ಗ್ಯಾಸ್, ಹಾಲು, ಚೀಟಿ, ಊರಿಗೆ ಕಳಿಸೋದು. ಒಂದು ಹಾಳೆಯಲ್ಲಿ "ಬಡ್ಡಿ" ಎಂಬ ಪದ ಮೂರು ಕಡೆ ಇತ್ತು, ಮೂರು ಬೇರೆ ಬೇರೆ ಮೊತ್ತಗಳೊಂದಿಗೆ. ಇನ್ನೊಂದರಲ್ಲಿ ಅಪ್ಪನ ಕುಡಿತದ ಖರ್ಚನ್ನು ಬರೆದು, ಆಮೇಲೆ ರಬ್ಬರಿನಿಂದ ಕಾಗದ ತೂತಾಗುವಷ್ಟು ಉಜ್ಜಿದ್ದರು. ನನಗೆ ಎಚ್ಚರವಾಗಬೇಕಾಗಿದ್ದುದು ಆ ತೂತನ್ನು ಕಂಡಾಗಲೇ. ಹೂವಿನವರ ಮಗಳು ಖಾಲಿ ಹಾಳೆ ತಂದಿದ್ದಳು. ಮರೆತಿರಬೇಕೆಂದು ನಾನು ಗದರಲಿಲ್ಲ, ಯಾಕೆ ಬರೆದಿಲ್ಲವೆಂದು ಕೇಳಲೂ ಇಲ್ಲ. ತಾಯಿ ಬಂದುಹೋದ ಮೇಲೆ ಅವಳ ಗಣಿತದ ನೋಟ್‌ಬುಕ್ ತೆಗೆದು ನೋಡಿದೆ. ಹಾಳೆಗಳು ಮುಗಿದಿದ್ದವು. ಅಂಚಿನ ಕೆಂಪು ಗೆರೆಯಿಂದ ಹೊರಗೆ, ಹಳೆಯ ಲೆಕ್ಕಗಳ ನಡುವಿನ ಬಿಳಿ ಜಾಗದಲ್ಲಿ, ಕೊನೆಗೆ ರಟ್ಟಿನ ಒಳಬದಿಯಲ್ಲಿಯೂ ಇರುವೆಯಂಥ ಅಂಕಿಗಳಲ್ಲಿ ಅವಳು ಲೆಕ್ಕ ಮಾಡಿದ್ದಳು. ಹೊಸ ನೋಟ್‌ಬುಕ್ ಬೇಕೆಂದು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ.

ಮಕ್ಕಳಿಗೆ ಮನೆಯ ಕಷ್ಟ ಗೊತ್ತಿಲ್ಲ, ಗೊತ್ತುಮಾಡಿಸಬೇಕು ಎಂದುಕೊಂಡು ನಾನು ಹೊರಟಿದ್ದೆ. ಒಂದೇ ಕೋಣೆಯ ಮನೆಯಲ್ಲಿ ಬೆಳೆಯುವ ಮಗುವಿಗೆ ಕಷ್ಟವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ್ದರೂ ಅದು ಎಲ್ಲವನ್ನೂ ಕೇಳಿಸಿಕೊಂಡಿರುತ್ತದೆ. ಅದಕ್ಕೆ ಸಿಗದೆ ಇರುವುದು ಲೆಕ್ಕ. ಎಷ್ಟು ಕೊರತೆ, ಯಾವಾಗ ತುಂಬುತ್ತದೆ, ತನ್ನ ಪಾಲಿನ ಒಂದು ಹಿಡಿ ಅನ್ನದಿಂದ ಅದು ತುಂಬುವಂಥದ್ದೇ ಎಂಬುದು ತಿಳಿಯದಿದ್ದಾಗ, ಒಂಬತ್ತು ವರ್ಷದ ಹುಡುಗಿ ತನ್ನ ಕೈಗೆಟುಕುವ ಒಂದೇ ಖರ್ಚನ್ನು, ಅಂದರೆ ತನ್ನ ತಟ್ಟೆಯನ್ನು, ಕಡಿಮೆ ಮಾಡುತ್ತಾಳೆ.

ಮರುದಿನವೇ ಆ ಹಾಳೆಗಳನ್ನೆಲ್ಲ ಮಕ್ಕಳಿಗೆ ಹಿಂತಿರುಗಿಸಿದೆ. ಯಾರ ಮನೆಯದೂ ಅಲ್ಲದ ಒಂದು ಮನೆಯನ್ನು ಕಪ್ಪುಹಲಗೆಯ ಮೇಲೆ ಕಟ್ಟಿದೆವು. ಅದಕ್ಕೆ ಒಬ್ಬ ಅಪ್ಪ, ಒಬ್ಬ ಅಮ್ಮ, ಒಬ್ಬ ಅಜ್ಜಿ, ಇಬ್ಬರು ಮಕ್ಕಳನ್ನು ಕೊಟ್ಟು, ತಿಂಗಳಿಗೆ 22,000 ರೂಪಾಯಿ ವರಮಾನ ಇಟ್ಟು, ಎರಡು ಕಾಲಂ ಹಾಕಿದೆ: ಬೇಕೇ ಬೇಕಾದದ್ದು, ಇದ್ದರೆ ಚೆನ್ನಾಗಿರುವುದು. ಮೊಬೈಲ್ ರೀಚಾರ್ಜನ್ನು ನಾನು ಎರಡನೆಯ ಕಾಲಂನಲ್ಲಿ ಬರೆದೆ. ಆಟೊ ಓಡಿಸುವವರ ಮಗ ತಕ್ಷಣ ಎದ್ದು, "ಅದು ಆ ಕಡೆ ಬರ್ಬೇಕು ಮಿಸ್, ರೀಚಾರ್ಜ್ ಇಲ್ದಿದ್ರೆ ನಮ್ಮಪ್ಪಂಗೆ ಬಾಡಿಗೇನೇ ಸಿಗಲ್ಲ" ಎಂದ. ಅಳಿಸಿ ಬರೆದೆ. ಊರಿನಲ್ಲಿರುವ ಅಜ್ಜ ಅಜ್ಜಿಗೆ ಕಳಿಸುವ ಹಣ ಯಾವ ಕಾಲಂಗೆ ಸೇರಬೇಕೆಂಬುದರ ಮೇಲೆ ಅರ್ಧ ಪೀರಿಯಡ್ ವಾದ ನಡೆಯಿತು, ನಾನು ಬಾಯಿ ಹಾಕಲಿಲ್ಲ.

ಕರೆಂಟ್ ಬಿಲ್ಲಿನ ಮುಂದೆ ಮಕ್ಕಳೆಲ್ಲ ಒಕ್ಕೊರಲಿನಿಂದ ಸೊನ್ನೆ ಬರೆಸಿದರು. 2023ರಲ್ಲಿ ಗೃಹಜ್ಯೋತಿ ಬಂದಾಗಿನಿಂದ, 200 ಯೂನಿಟ್‌ನ ಮಿತಿಯೊಳಗೆ ಬಳಸುವ ಅವರ ಮನೆಗಳಿಗೆ ಬರುತ್ತಿರುವುದು ಶೂನ್ಯ ಬಿಲ್ಲು. ಅದೇ ವರ್ಷದ ಜೂನ್ 11ರಿಂದ ಅಮ್ಮನ ಬಸ್ ಚಾರ್ಜೂ ಸೊನ್ನೆ. ಗೃಹಲಕ್ಷ್ಮಿಯ 2,000 ರೂಪಾಯಿ ವರಮಾನದ ಕಡೆ ಬರುತ್ತದೆ ಎಂದೂ ಅವರೇ ಹೇಳಿದರು. ಸೊನ್ನೆ ಎಂದರೆ ಯಾರೂ ಕೊಡುವುದಿಲ್ಲವೆಂದಲ್ಲ, ಎಲ್ಲರೂ ಕಟ್ಟಿದ ತೆರಿಗೆಯಿಂದ ಸರ್ಕಾರ ಕೊಡುತ್ತದೆ, ನೀವು ಕೊಳ್ಳುವ ಬಿಸ್ಕತ್ ಪೊಟ್ಟಣದ ಬೆಲೆಯಲ್ಲಿಯೂ ತೆರಿಗೆ ಸೇರಿದೆ ಎಂದಾಗ, ತಾವೂ ಸರ್ಕಾರಕ್ಕೆ ದುಡ್ಡು ಕೊಟ್ಟಿದ್ದೇವೆ ಎಂದು ತಿಳಿದು ಅವರ ಮುಖಗಳು ಅರಳಿದ್ದನ್ನು ನಾನು ಮರೆಯಲಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಪ್ರತಿ ವರ್ಷ ಈ ಪಾಠದಲ್ಲಿ ಹೇಳುತ್ತಿದ್ದವಳು, ಈ ಸಲ ಹೇಳಲಿಲ್ಲ. ನಾಲ್ಕು ಜನ ಒಂದೇ ಚಾಪೆಯ ಮೇಲೆ ಮಲಗುವ ಮಕ್ಕಳ ಮುಂದೆ ಅದನ್ನು ಹೇಳಲು ಬಾಯಿ ಬರಲಿಲ್ಲ.

ಇಷ್ಟಾದ ಮೇಲೆ ಒಂದು ಶನಿವಾರ ಮಕ್ಕಳ ಸಂತೆ ಮಾಡಿದೆವು. ನಮ್ಮ ರಾಜ್ಯದ ಅನೇಕ ಸರ್ಕಾರಿ ಶಾಲೆಗಳಲ್ಲಿ ನಡೆಯುವ ಚಟುವಟಿಕೆ ಇದು. ನಾನು ಸೇರಿಸಿದ ಕಟ್ಟಳೆಗಳು ಎರಡೇ: ಮನೆಯಿಂದ ತಂದ ಬಂಡವಾಳವನ್ನು ಬರೆದಿಡಬೇಕು, ವ್ಯಾಪಾರ ಕೈದುಡ್ಡಿನಲ್ಲಿ ಮಾತ್ರ ನಡೆಯಬೇಕು. ಬೆಳಗ್ಗೆ ಒಂಬತ್ತಕ್ಕೆಲ್ಲ ಶಾಲೆಯ ಅಂಗಳದಲ್ಲಿ ಗೋಣಿಚೀಲಗಳು ಹರಡಿಕೊಂಡವು. ಮೆಂತ್ಯ, ಸಬ್ಬಸಿಗೆ, ದಂಟಿನ ಸೊಪ್ಪು, ನಿಂಬೆಹಣ್ಣು, ಚುರುಮುರಿ, ಮಜ್ಜಿಗೆ. ನಿಂಬೆಹಣ್ಣಿನ ಹುಡುಗ ಒಂದೇ ಗಂಟೆಯಲ್ಲಿ ಎಲ್ಲವನ್ನೂ ಮಾರಿ, ಜೇಬಿನಲ್ಲಿದ್ದ 120 ರೂಪಾಯಿಯೂ ಲಾಭವೆಂದು ಅಂಗಳವಿಡೀ ಕುಣಿದ. ಹಣ್ಣಿಗೆ 90 ರೂಪಾಯಿ ಹಾಕಿದ್ದನ್ನು ನೆನಪಿಸಿದಾಗ ಸ್ವಲ್ಪ ಹೊತ್ತು ನನ್ನನ್ನೇ ದಿಟ್ಟಿಸಿದ.

ಹೂವಿನವರ ಮಗಳು ಕಾಕಡ ತಂದಿದ್ದಳು. ಬುಟ್ಟಿಯ ಪಕ್ಕದಲ್ಲಿ ಒಂದು ಪೊರಕೆ ಕಡ್ಡಿ ಇಟ್ಟುಕೊಂಡಿದ್ದಳು. ಅದೇಕೆಂದು ಕೇಳಿದೆ. "ನನ್ನ ಕೈ ಮೊಳ ಚಿಕ್ಕದು ಮಿಸ್. ಇದು ಅಮ್ಮನ ಕೈ ಅಳತೆ" ಎಂದಳು. ತಾಯಿಯ ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಅಳೆದು ಕಡ್ಡಿಯನ್ನು ಮುರಿದು ತಂದಿದ್ದಳು. ಪ್ರತಿ ಸಲವೂ ಹೂವಿನ ಸರವನ್ನು ಆ ಕಡ್ಡಿಯ ಉದ್ದಕ್ಕೆ ಎಳೆಯದೆ, ಸಡಿಲವಾಗಿ ಇಟ್ಟು, ಕೊನೆಗೆ ಎರಡು ಹೂವು ಹೆಚ್ಚಾಗಿಯೇ ಬಿಟ್ಟು ದಾರ ಕತ್ತರಿಸುತ್ತಿದ್ದಳು. ಒಬ್ಬ ಅಜ್ಜಿ ಒಂದು ಮೊಳಕ್ಕೆ 50 ರೂಪಾಯಿಯ ನೋಟು ಕೊಟ್ಟರು. ಹುಡುಗಿ ನೋಟನ್ನು ತಿರುಗಿಸಿ ಹಿಂಬದಿಯ ಹಂಪಿಯ ಕಲ್ಲಿನ ರಥವನ್ನು ಒಮ್ಮೆ ನೋಡಿ ಡಬ್ಬಿಗೆ ಹಾಕಿದಳು. ನಾನು ಕಲಿಸಿದಂತೆ ಐವತ್ತರಲ್ಲಿ ಇಪ್ಪತ್ತನ್ನು ಕಳೆಯಲಿಲ್ಲ. "ಹೂವು ಇಪ್ಪತ್ತು" ಎನ್ನುತ್ತ ಹತ್ತರ ನೋಟಿಟ್ಟು "ಮೂವತ್ತು", ಅದರ ಮೇಲೆ ಇಪ್ಪತ್ತರದ್ದಿಟ್ಟು "ಐವತ್ತು" ಎಂದು ಅಜ್ಜಿಯ ಅಂಗೈಯಲ್ಲಿ ಎಣಿಸಿದಳು. ಬೀದಿಯ ವ್ಯಾಪಾರಿಗಳು ತಲೆತಲಾಂತರದಿಂದ ಚಿಲ್ಲರೆ ಕೊಡುತ್ತಾ ಬಂದಿರುವ ಕ್ರಮ ಅದು. ನನ್ನ ತರಗತಿಯಲ್ಲಿ ಅದಕ್ಕೆ ಈವರೆಗೆ ಜಾಗವಿರಲಿಲ್ಲ.

ಹನ್ನೊಂದೂವರೆಗೆ ಎಲ್ಲರೂ ಒಳಗೆ ಬಂದು ಲೆಕ್ಕಕ್ಕೆ ಕುಳಿತೆವು. ಅವಳ ಲೆಕ್ಕವನ್ನು ಅವಳೇ ಹಲಗೆಯ ಮೇಲೆ ಬರೆದಳು. ಅರ್ಧ ಕಿಲೋ ಮೊಗ್ಗಿಗೆ 180 ರೂಪಾಯಿ, ದಾರಕ್ಕೆ 10, ಬಸ್ಸಿಗೆ ಸೊನ್ನೆ. ಕಟ್ಟಿದ್ದು 16 ಮೊಳ, ಮಾರಿದ್ದು 14, ಬಂದದ್ದು 280. ಲಾಭ 90 ಎಂದು ಬರೆದು ಅಡಿಗೆರೆ ಎಳೆದಳು. ಮಕ್ಕಳು ಚಪ್ಪಾಳೆ ತಟ್ಟಿದರು. ಹೂವು ಕಟ್ಟಿದ್ದು ಯಾರು ಎಂದು ನಾನು ಕೇಳಿದೆ.

"ಅಮ್ಮ. ನಿನ್ನೆ ರಾತ್ರಿ ಏಳು ಗಂಟೆಯಿಂದ ಹತ್ತು ಗಂಟೆವರೆಗೂ."

"ಅದನ್ನ ಎಲ್ಲಿ ಬರ್ದಿದ್ದೀಯ?"

ಅವಳು ಹಲಗೆಯ ಕಡೆ ನೋಡಿದಳು. "ಅಮ್ಮಂಗೆ ಯಾರೂ ದುಡ್ಡು ಕೊಡಲ್ಲ ಮಿಸ್" ಎಂದಳು. ಹಿಂದಿನ ಬೆಂಚಿನಿಂದ ಗಾರೆಯವರ ಮಗನೊಬ್ಬ, "ನಮ್ಮಪ್ಪಂಗೆ ದಿನಕ್ಕೆ ಇಷ್ಟು ಅಂತ ಕೊಡ್ತಾರೆ. ಅವರಮ್ಮಂದೂ ಕೆಲಸಾನೇ ಅಲ್ವಾ?" ಎಂದ. ತೊಂಬತ್ತನ್ನು ಮೂರು ಗಂಟೆಗೆ ಭಾಗಿಸಿದರು. ಗಂಟೆಗೆ 30 ರೂಪಾಯಿ. ಮಾರುಕಟ್ಟೆಗೆ ಹೋಗಿಬರುವ ಹೊತ್ತನ್ನು ಸೇರಿಸಿದರೆ ಇನ್ನೂ ಕಡಿಮೆಯಾಗುತ್ತದೆ ಎಂದು ಯಾರೋ ಹೇಳಿದರು. ತರಗತಿ ನಿಶ್ಶಬ್ದವಾಯಿತು. ಮಗುವಿನ ಮೇಲೆ ಇನ್ನೊಂದು ಹೊರೆ ಹೊರಿಸುತ್ತಿದ್ದೇನೆಯೇ ಎಂದು ನನಗೆ ಹೆದರಿಕೆಯಾಯಿತು. ಆದರೆ ಅವಳು ಅಳಲಿಲ್ಲ. ಲಾಭವೆಂಬ ಪದವನ್ನು ಅಳಿಸಿ, ಅಲ್ಲಿ "ಅಮ್ಮನ ಕೂಲಿ" ಎಂದು ಬರೆದಳು. ಅದರ ಕೆಳಗೆ ಲಾಭ ಎಂದು ಬರೆದು ಸೊನ್ನೆ ಹಾಕಿದಳು. ಇನ್ನೆರಡು ಮೊಳ ಮಾರಿಹೋಗಿದ್ದರೆ 40 ರೂಪಾಯಿ ಉಳಿಯುತ್ತಿತ್ತು ಎಂದು ತಾನೇ ಹೇಳಿದಳು.

ಸಂತೆಯ ಬಗ್ಗೆ ಸಹೋದ್ಯೋಗಿಯೊಬ್ಬರಿಗೆ ಆಕ್ಷೇಪವಿತ್ತು. ಈ ಮಕ್ಕಳನ್ನು ದುಡಿಮೆಯಿಂದ ಬಿಡಿಸಿ ಶಾಲೆಗೆ ತರಲು ಇಷ್ಟು ಪಾಡುಪಟ್ಟು, ಮತ್ತೆ ಅವರ ಕೈಗೆ ತಕ್ಕಡಿ ಕೊಡುವುದೇ ಎಂದರು. ಆ ಮಾತನ್ನು ನಾನು ತಳ್ಳಿಹಾಕಲಾರೆ. 14 ವರ್ಷದೊಳಗಿನವರನ್ನು ಯಾವುದೇ ಕೆಲಸಕ್ಕೆ ಹಚ್ಚುವುದನ್ನು 2016ರ ತಿದ್ದುಪಡಿಯ ನಂತರ ಕಾನೂನು ನಿಷೇಧಿಸಿದೆ. ಶಾಲೆಯ ಅವಧಿಯ ಆಚೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಮನೆಯ ಕಸುಬಿನಲ್ಲಿ ನೆರವಾಗುವುದಕ್ಕೆ ಅದು ಅವಕಾಶ ಬಿಟ್ಟಿದೆ. ಆ ಕಿಂಡಿಯೊಳಗಿಂದ ಎಷ್ಟು ಮಕ್ಕಳ ಸಂಜೆಗಳು ಜಾರಿಹೋಗುತ್ತವೆ ಎಂಬುದು ನಮ್ಮಂಥ ಶಾಲೆಯ ಶಿಕ್ಷಕರಿಗೆ ಚೆನ್ನಾಗಿ ಗೊತ್ತು. ಮನೆಗೆ ನೆರವಾಗುವುದೆಂದರೆ ಸಂಪಾದಿಸುವುದಲ್ಲ, ಸಂಪಾದಿಸುವುದು ದೊಡ್ಡವರ ಕೆಲಸ, ಉಣ್ಣುವುದೂ ಓದುವುದೂ ನಿಮ್ಮ ಕೆಲಸ ಎಂದು ಆ ದಿನ ಬೆಲ್ ಹೊಡೆಯುವ ಮುನ್ನ ಮಕ್ಕಳಿಗೆ ನಾನು ಎರಡು ಸಲ ಹೇಳಿದೆ. ನೀರಿನ ನಲ್ಲಿ ನಿಲ್ಲಿಸುವುದು, ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ತರುವುದು, ಅಪ್ಪ ಅಮ್ಮ ಕೇಳಿದಾಗ ಚೀಟಿಯ ಕಂತನ್ನು ಬರೆದಿಟ್ಟುಕೊಡುವುದು, ಇಷ್ಟು ಸಾಕು ಎಂದೆ.

ತಟ್ಟೆಯ ವಿಷಯ ಅಷ್ಟು ಬೇಗ ಸರಿಹೋಗಲಿಲ್ಲ. ಮಧ್ಯಾಹ್ನದ ಬಿಸಿಯೂಟದಲ್ಲಿ ಕೆಲವು ದಿನ ಅವಳ ಪಕ್ಕದಲ್ಲಿಯೇ ಕುಳಿತೆ. ಈ ಅಕ್ಕಿ ಶಾಲೆಯ ಲೆಕ್ಕದ್ದು, ನಿಮ್ಮ ಮನೆಯ ಡಬ್ಬಿಯದ್ದಲ್ಲ ಎಂದು ಬಿಡಿಸಿ ಹೇಳಿದ ಮೇಲೆ ಇಲ್ಲಿ ಎರಡನೆಯ ಸಲ ಬಡಿಸಿಕೊಳ್ಳತೊಡಗಿದಳು. ಮನೆಯಲ್ಲಿ, ತಾಯಿಯೇ ಒಂದು ರಾತ್ರಿ ಅವಳನ್ನು ಕೂರಿಸಿಕೊಂಡು ಅಕ್ಕಿಯ ಡಬ್ಬಿಯನ್ನು ಪಾವಿನಲ್ಲಿ ಅಳೆದು, ದಿನಕ್ಕೆ ಇಷ್ಟೆಂದರೆ ಇನ್ನೆಷ್ಟು ದಿನ ಬರುತ್ತದೆ ಎಂದು ಲೆಕ್ಕ ಮಾಡಿಸಿದರಂತೆ. ತಿಂಗಳು ಮುಗಿದ ಮೇಲೂ ನಾಲ್ಕು ದಿನಕ್ಕಾಗುವಷ್ಟು ಉಳಿಯುತ್ತಿತ್ತು.

ಹೊಸ ನೋಟ್‌ಬುಕ್ ಬಂದಿದೆ. ಅದರ ಕೊನೆಯ ಪುಟದಲ್ಲಿ ಅವಳು ದಿನವೂ ಹೂವಿನ ಲೆಕ್ಕ ಬರೆಯುತ್ತಾಳೆ, ಸೋಮವಾರ ಬೆಳಗ್ಗೆ ನನಗೆ ತೋರಿಸುತ್ತಾಳೆ. ಮೊಗ್ಗು, ದಾರ, ಬಸ್ಸು, ಎಲ್ಲದರ ಮುಂದೆಯೂ ಅಂಕಿಯಿದೆ. "ಅಮ್ಮನ ಕೂಲಿ" ಎಂಬ ಸಾಲಿನ ಮುಂದೆ ಮಾತ್ರ ಮೊದಲ ವಾರ ಖಾಲಿ ಬಿಟ್ಟಿದ್ದಳು. ಯಾಕೆಂದು ಈ ಸಲ ಕೇಳಿದೆ.

"ಗಂಟೆಗೆ ಎಷ್ಟು ಹಾಕ್ಲಿ ಅಂತ ಅಮ್ಮನ್ನ ಕೇಳಿದ್ದೀನಿ ಮಿಸ್. ಯೋಚನೆ ಮಾಡಿ ಹೇಳ್ತೀನಿ ಅಂದಿದ್ದಾರೆ."