ಎಕ್ಕ–ರಾಣಿಯನ್ನು ಮಡಚಿದ ನಂತರದ ಐದನೆಯ ಕೈ

ಪೋಕರ್ ಟೂರ್ನಮೆಂಟಿನ ಒಂಬತ್ತು ಜನರ ಟೇಬಲ್‌ನಲ್ಲಿ, ಹಣದ ಸ್ಥಾನಕ್ಕೆ ಇನ್ನಿಬ್ಬರು ಹೊರಬೀಳಬೇಕಿದ್ದ ಬಬಲ್‌ನ ಹೊತ್ತಿನಲ್ಲಿ, ಅಂಡರ್ ದಿ ಗನ್‌ನಲ್ಲಿದ್ದ, ಅಂದರೆ ಎಲ್ಲರಿಗಿಂತ ಮೊದಲು ಆಡಬೇಕಿದ್ದ, ದೊಡ್ಡ ಸ್ಟ್ಯಾಕಿನ (ಚಿಪ್ ರಾಶಿಯ) ಆಟಗಾರ ಆಲ್-ಇನ್ ಹೋದ, ಅಂದರೆ ತನ್ನ ಚಿಪ್‌ಗಳನ್ನೆಲ್ಲ ಪಣಕ್ಕಿಟ್ಟ. ಕಟ್‌ಆಫ್‌ನಲ್ಲಿದ್ದ (ಬಟನ್ ಎಂಬ ಡೀಲರ್ ಸ್ಥಾನಕ್ಕೆ ಒಂದು ಆಸನ ಮೊದಲು) ನನ್ನ ಕೈಯಲ್ಲಿ ಆಫ್‌ಸೂಟ್ (ಬೇರೆ ಬೇರೆ ಚಿಹ್ನೆಯ) ಎಕ್ಕ–ರಾಣಿ ಇತ್ತು, ಹಿಂದೆ 18 ಬಿಗ್ ಬ್ಲೈಂಡ್‌ನಷ್ಟು ಚಿಪ್ ಇತ್ತು; ಎಲೆ ನೋಡುವ ಮೊದಲೇ ಕಟ್ಟಬೇಕಾದ ಎರಡು ಪಣಗಳಲ್ಲಿ ದೊಡ್ಡದೇ ಬಿಗ್ ಬ್ಲೈಂಡ್.

ಟೈಮ್ ಬ್ಯಾಂಕ್ (ಯೋಚಿಸಲು ಸಿಗುವ ಸಮಯ) ಕರಗುತ್ತಿದ್ದಾಗ ನಾನು ಅವನ ರೇಂಜನ್ನು, ಅಂದರೆ ಅವನ ಬಳಿ ಇರಬಹುದಾದ ಕೈಗಳನ್ನು, ಒಂಬತ್ತರ ಜೋಡಿಯಿಂದ ಮೇಲಿನ ಜೋಡಿಗಳು, ಎಕ್ಕ–ರಾಜ ಮತ್ತು ಎಕ್ಕ–ರಾಣಿ ಎಂದು ಇಟ್ಟುಕೊಂಡೆ. ನನ್ನ ಎರಡು ಎಲೆಗಳನ್ನು ಕಳೆದರೆ ಅದರಲ್ಲಿ 51 ಕಾಂಬಿನೇಷನ್ ಉಳಿಯುತ್ತವೆ. ಅವುಗಳಲ್ಲಿ ನಾನು ಮುಂದಿರುವ ಕೈ ಒಂದೂ ಇಲ್ಲ, 9 ಕೈಗಳು ಸಮ, ಒಂಬತ್ತು, ಹತ್ತು ಮತ್ತು ಗುಲಾಮನ ಜೋಡಿಗಳ 18 ಕೈಗಳಿಗೆ ಮಾತ್ರ ಹೇಗೋ ಪೈಪೋಟಿ ಕೊಡಬಹುದು. ಒಟ್ಟು ಈಕ್ವಿಟಿ, ಅಂದರೆ ಗೆಲ್ಲುವ ಪಾಲು, ಶೇ 35ರ ಆಸುಪಾಸು. ಬ್ಲೈಂಡ್‌ಗಳು ಮತ್ತು ಬಿಗ್ ಬ್ಲೈಂಡ್ ಆಂಟೆ (ಬಿಗ್ ಬ್ಲೈಂಡ್‌ನಲ್ಲಿರುವವನು ಎಲ್ಲರ ಪರವಾಗಿ ಕಟ್ಟುವ ಹೆಚ್ಚುವರಿ ಪಣ) ಸೇರಿದರೂ ಕಾಲ್‌ಗೆ (ಅವನ ಪಣಕ್ಕೆ ಸರಿಗಟ್ಟಲು) ಬೇಕಾದದ್ದು ಸುಮಾರು ಶೇ 47, ಅದೂ ಐಸಿಎಂ ಒತ್ತಡವನ್ನು, ಅಂದರೆ ಬಹುಮಾನದ ಹಣದ ದೃಷ್ಟಿಯಿಂದ ಹೊರಬೀಳುವ ನಷ್ಟವನ್ನು, ಲೆಕ್ಕಕ್ಕೆ ಹಿಡಿಯದೆ. ಹಾಗಾಗಿ ಮಡಚಿದೆ. ಅವನು ಒಂದೇ ಚಿಹ್ನೆಯ ಎಕ್ಕ–ಐದನ್ನು ಎಲ್ಲರಿಗೂ ಕಾಣುವಂತೆ ತೆರೆದಿಟ್ಟ.

ಅಂಥ ಮೂರು ಕಾಂಬಿನೇಷನ್‌ಗಳನ್ನು ರೇಂಜಿಗೆ ಸೇರಿಸಿದರೂ ಲೆಕ್ಕ ಶೇ 37ನ್ನು ಅಷ್ಟೇನೂ ದಾಟುವುದಿಲ್ಲ ಎಂಬುದು ನನಗೆ ಆ ಕ್ಷಣದಲ್ಲೇ ಗೊತ್ತಿತ್ತು, ಆದರೆ ಗೊತ್ತಿರುವುದರಿಂದ ಕುದಿಯುವುದು ನಿಲ್ಲಲಿಲ್ಲ. ಐದು ಕೈಗಳ ನಂತರ ನಾನೇ ಅಂಡರ್ ದಿ ಗನ್‌ಗೆ ಬಂದಾಗ ಆಫ್‌ಸೂಟ್ ರಾಜ–ಗುಲಾಮ ಬಂತು. ಬಟನ್‌ನಲ್ಲಿ ಎಲ್ಲರೂ ಮಡಚಿ ಬಂದರೆ ಧಾರಾಳವಾಗಿ ಆಡುವ ಈ ಕೈಯನ್ನು, ಹಿಂದೆ ಇನ್ನೂ ಎಂಟು ಜನ ಮಾತಾಡಬೇಕಿರುವ ಆ ಜಾಗದಿಂದ, ಅಷ್ಟು ಸ್ಟ್ಯಾಕಿನಲ್ಲಿ ತೆರೆಯಬಾರದು (ಮೊದಲ ಪಣ ಏರಿಸಬಾರದು) ಎಂದು ಯಾವ ಆಸನದಿಂದ ಯಾವ ಕೈ ಆಡಬೇಕೆಂದು ತಿಳಿಸುವ ಚಾರ್ಟ್ ಸ್ಪಷ್ಟವಾಗಿ ಹೇಳುತ್ತದೆ. ನಾನು ಎರಡು ಬ್ಲೈಂಡ್‌ಗೆ ತೆರೆದೆ. ಬಟನ್‌ನಲ್ಲಿದ್ದವನು ಆಲ್-ಇನ್ ಹೋದಾಗ, ಆಗಲೇ ಹಾಕಿದ ಎರಡು ಬ್ಲೈಂಡ್‌ಗಳ ನೆಪದಲ್ಲಿ ಕಾಲ್ ಮಾಡಿ, ಎಕ್ಕ–ರಾಜನ ಎದುರು ಕಾಲು ಭಾಗದಷ್ಟು ಮಾತ್ರ ಅವಕಾಶವಿಟ್ಟುಕೊಂಡು ನಿಂತೆ, ಹೊರಬಿದ್ದೆ.

ನಮ್ಮ ಸ್ಟೇಬಲ್‌ನ (ಹಣ ಹೂಡಿ ಆಟಗಾರರನ್ನು ಆಡಿಸುವ ಗುಂಪಿನ) ಪರಿಶೀಲನಾ ಸಭೆಯಲ್ಲಿ ರಾಜ–ಗುಲಾಮದ ಬಗ್ಗೆ ದೀರ್ಘ ಚರ್ಚೆ ನಡೆಯಿತು, ಎಕ್ಕ–ರಾಣಿಯ ಸುದ್ದಿಯೇ ಬರಲಿಲ್ಲ, ಏಕೆಂದರೆ ನಮ್ಮ ವರದಿ ಹಾಳೆಯಲ್ಲಿ ಸೋತ ಕೈಯ ಹೆಸರಿಗಷ್ಟೇ ಜಾಗವಿದೆ. ಆಸನಕ್ಕೂ ಸ್ಟ್ಯಾಕಿಗೂ ಹಿಂದಿನ ಸುತ್ತಿನ ಕೈಗಳಿಗೂ ಒಂದೊಂದು ಅಂಕಣ ಸೇರಿಸಿ ಎಂದು ಕೇಳಿದೆ. ಹಾಳೆ ಅಗಲವಾಗಿ ಮೊಬೈಲಿನಲ್ಲಿ ಓದಲು ಆಗುವುದಿಲ್ಲ ಎಂಬ ಉತ್ತರ ಬಂತು.